ಸಿಹಿನೀರಿಗೆ ತಕ್ಕ ಯಂತ್ರ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಯಂತ್ರ ಕೊಂಡ ಅಂಗಡಿ ಸ್ಯಾನ್ ಹೊಸೆಯಲ್ಲಿತ್ತು ಎಂದು ನಾನು ಹೇಳುತ್ತೇನೆ, ಅಲ್ಲ, ಪಕ್ಕದ ಊರಿನಲ್ಲಿತ್ತು ಎಂದು ನನ್ನ ಗಂಡ ಹೇಳುತ್ತಾನೆ. ಆ ದಿನ ನದಿಯ ನೀರು ನನ್ನ ಸೊಂಟದವರೆಗೆ ಇತ್ತೆಂದು ನನ್ನ ನೆನಪು. ಆಗ ನಾನು ಬರೆಯುತ್ತಿದ್ದ ಡೈರಿಯಲ್ಲಿ ಮೊಣಕಾಲುದ್ದ ಎಂದಿದೆ. ಡೈರಿಯನ್ನೇ ನಂಬಬೇಕು ಎನಿಸುತ್ತದೆ. ಆದರೆ ಅದನ್ನು ಬರೆದವಳೂ ನಾನೇ. ಹೆದರಿದಾಗ ನಾನು ಎಲ್ಲವನ್ನೂ ಚಿಕ್ಕದು ಮಾಡಿ ಬರೆಯುತ್ತೇನೆ, ಅದು ನನಗೆ ಗೊತ್ತು. ಹಾಗಾಗಿ ನೀರಿನ ಆಳವನ್ನು ಓದುವವರು ತಮಗೆ ತೋಚಿದಂತೆ ಇಟ್ಟುಕೊಳ್ಳಲಿ. ನೀರಿನ ಒಳಗಿನಿಂದ ನಾನು ಕೇಳಿದ ಸದ್ದಿನ ಬಗ್ಗೆ ಮಾತ್ರ ನನಗೆ ಸಂದೇಹವಿಲ್ಲ.

ಡಾಟ್‌ಕಾಮ್ ಕಾಲ. ಸನ್ನಿವೇಲ್‌ನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಆಚೆ ಈಚೆ ಇದ್ದವರೆಲ್ಲ ಯಾವುದೋ ಹೊಸ ಕಂಪನಿಗೆ ಸೇರಿದವರು, ಇಲ್ಲವೇ ಸೇರಲಿದ್ದವರು. ನನ್ನ ಗಂಡನೂ ಅಂಥದೊಂದರಲ್ಲಿದ್ದ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಮೈಸೂರಿನಲ್ಲಿ ಓದಿದ ಭೌತಶಾಸ್ತ್ರದ ಎಂ.ಎಸ್ಸಿ.ಯನ್ನು ನಾನು ಗ್ರೋಸರಿ ಅಂಗಡಿಯ ತಕ್ಕಡಿಯ ಮುಂದೆ ಬಿಟ್ಟರೆ ಬೇರೆಲ್ಲೂ ಬಳಸಿರಲಿಲ್ಲ.

ಆ ಬೇಸಿಗೆಯಲ್ಲಿ ಅತ್ತೆ ಬಂದರು. ಅವರದು ಶ್ರೀರಂಗಪಟ್ಟಣದ ಕಡೆ, ಹುಟ್ಟಿದ್ದೂ ಬೆಳೆದದ್ದೂ ಕಾವೇರಿಯ ದಡದಲ್ಲಿ. ಮಾವನವರ ವರ್ಷಾಂತಿಕ ಮುಗಿಸಿಕೊಂಡು ಬಂದಿದ್ದರು. ಮಾವ ತೀರಿಕೊಂಡಾಗ ನನ್ನ ಗಂಡನಿಗೆ ಊರಿಗೆ ಹೋಗಲಾಗಿರಲಿಲ್ಲ. ವೀಸಾದ ಕಾಗದಪತ್ರ ಅರ್ಧದಲ್ಲಿತ್ತು; ಈಗ ದೇಶ ಬಿಟ್ಟರೆ ವಾಪಸು ಬರುವುದು ಖಾತ್ರಿಯಿಲ್ಲ ಎಂದು ವಕೀಲರು ಹೇಳಿದ್ದರು. ಅವನು ತಂದೆಯ ಕ್ರಿಯೆಯನ್ನು ಫೋನಿನಲ್ಲಿ ಕೇಳಿಸಿಕೊಂಡ. ಹಿನ್ನೆಲೆಯಲ್ಲಿ ಮಂತ್ರ, ಯಾರೋ ಕೆಮ್ಮಿದ್ದು, ಕಾಗೆ. ಆ ವಿಷಯವನ್ನು ನಾವು ಮೂವರೂ ಎತ್ತುತ್ತಿರಲಿಲ್ಲ.

ಗೌರಿ ಹಬ್ಬ ಬಂತು. ಕ್ರಾಫ್ಟ್ ಅಂಗಡಿಯಿಂದ ನಾನು ಜೇಡಿಮಣ್ಣು ತಂದೆ. ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತು ಒಂದು ಗೇಣಿನ ಗೌರಿಯನ್ನೂ ಅಂಗೈ ಅಗಲದ ಗಣಪನನ್ನೂ ಮಾಡಿದರು. ಪೂಜೆಯ ಹೊತ್ತಿಗೆ ಮಾತ್ರ ಅವರು ದೂರ ಸರಿದು ಸೋಫಾದ ತುದಿಯಲ್ಲಿ ಕೂತರು. ನಾನು ಕರೆದೆ. ತಲೆಯಾಡಿಸಿದರು. ಆಮೇಲೆ ತಮ್ಮ ಕೈಚೀಲದಿಂದ ಒಂದು ಪುಟ್ಟ ಬಟ್ಟೆಯ ಗಂಟು ತೆಗೆದು ನನ್ನ ಕೈಗಿಟ್ಟರು. ಅವರ ತಾಳಿ. ನಮ್ಮ ಕಡೆ ಅದರಲ್ಲಿ ಎರಡು ಬೊಟ್ಟು ಇರುತ್ತವೆ, ಒಂದು ತವರಿನದು, ಒಂದು ಗಂಡನ ಮನೆಯದು.

"ಅವಳ ಕೊರಳಿಗೆ ಕಟ್ಟಮ್ಮ. ನಾನು ಕಟ್ಟೋ ಹಾಗಿಲ್ಲ."

ಕಟ್ಟಿದೆ. ಅದರ ಮೇಲೆ ಗೆಜ್ಜೆವಸ್ತ್ರ, ಅದರ ಮೇಲೆ ಹೂವು.

ಗೌರಿಯನ್ನು ಕಳಿಸುವ ದಿನ ಅಕ್ಕಪಕ್ಕದವರೆಲ್ಲ ಮಾಡುವಂತೆ ಬಾಲ್ಕನಿಯ ಬಕೆಟ್ಟಿನಲ್ಲೇ ಬಿಡೋಣ ಎಂದೆ. ಅತ್ತೆ ಒಪ್ಪಲಿಲ್ಲ.

"ಬಕೆಟ್ಟಲ್ಲಿ ಕದಡಿ ಗಿಡಕ್ಕೆ ಹುಯ್ಯೋಕೆ ಅವಳೇನು ಅಕ್ಕಿ ತೊಳೆದ ನೀರೇನೇ?"

ಹಾಗಾಗಿ ಮಂಗಳಾರತಿ ಮಾಡಿ, ಮೂರ್ತಿಗಳನ್ನು ಇದ್ದಲ್ಲಿಂದ ಒಂದಿಷ್ಟು ಕದಲಿಸಿ, ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟೆವು. ಸ್ಯಾನ್ ಫ್ರಾನ್ಸಿಸ್ಕೋ ದಾಟಿ, ಬ್ರಿಜ್ಜು ದಾಟಿ, ಇನ್ನೂ ಉತ್ತರಕ್ಕೆ, ಆಕಾಶ ಕಾಣದಷ್ಟು ಎತ್ತರದ ಮರಗಳ ನಡುವೆ ಹರಿಯುವ ಒಂದು ನದಿಗೆ. ಕದಲಿಸಿದ ಮೇಲೆ ಒಡವೆ ಬಿಚ್ಚಿಕೊಳ್ಳಬೇಕು. ಗೌರಿಗೆ ನಾನು ಹಾಕಿದ್ದ ನನ್ನ ಸರವನ್ನು ನಾನು ಬಿಚ್ಚಿಕೊಂಡೆ. "ಎಲ್ಲಾ ತೆಗೆದಾಯ್ತಾ ಅತ್ತೆ?" ಎಂದು ಕೇಳಿದ್ದೆ. ಅವರು "ಹೂಂ" ಎಂದರು ಎಂದು ನನ್ನ ನೆನಪು. ಡೈರಿಯಲ್ಲಿ ಆ ಹೂಂ ಇಲ್ಲ. ನೀರಿಗೆ ಇಳಿದವರು ಅತ್ತೆ. ಗೌರಿಯನ್ನು ಎರಡು ಕೈಯಲ್ಲಿ ಹಿಡಿದು ನೀರಿನೊಳಗೆ ಇಳಿಸಿ, ಬಿಡುವ ಮೊದಲು ಬಹಳ ಹೊತ್ತು ಬಾಗಿಕೊಂಡೇ ಇದ್ದರು.

ಮಾರನೆಯ ದಿನ ಊಟದ ಹೊತ್ತಿಗೆ ನನ್ನ ಗಂಡ ಕೇಳಿದ: "ಅಮ್ಮ, ಅಪ್ಪ ಕಟ್ಟಿದ ತಾಳಿ ಕೊಡು, ನೋಡ್ಬೇಕು."

ಅತ್ತೆ ಸಾರು ಬಡಿಸುತ್ತಿದ್ದರು. ಸೌಟು ನಿಲ್ಲಲಿಲ್ಲ. "ಅಯ್ಯೋ, ಗೌರಿ ಜೊತೇಲೇ ಹೋಯ್ತಲ್ಲೋ," ಎಂದರು.

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅಪ್ಪನ ಕೈ ತಾಗಿದ ವಸ್ತು ನನ್ನ ಹತ್ತಿರ ಒಂದೂ ಇಲ್ಲ ಎಂದು ಅವನು ಆಗ ಹೇಳಿದನೋ, ಆಮೇಲೆ ಕಾರಿನಲ್ಲಿ ಹೇಳಿದನೋ ನನಗೆ ನಿಶ್ಚಯವಿಲ್ಲ. ಮಳೆಗಾಲಕ್ಕೆ ಇನ್ನು ಹೆಚ್ಚು ದಿನ ಇರಲಿಲ್ಲ. ಇಲ್ಲಿ ಮಳೆ ಚಳಿಗಾಲಕ್ಕೆ ಬರುತ್ತದೆ, ಕೆಲವು ವರ್ಷ ಅದಕ್ಕೂ ಮುಂಚೆಯೇ. ಬಂದರೆ ಆ ನದಿ ತನ್ನ ಜಲ್ಲಿಯನ್ನೆಲ್ಲ ಹೊರಳಿಸಿ ಕಡಲಿಗೆ ನೂಕುತ್ತದೆ. ಅಷ್ಟರೊಳಗೆ ಹುಡುಕಬೇಕು. ಲೋಹಶೋಧಕ ಯಂತ್ರ ತರೋಣ ಎಂದು ಅವನೇ ಹೇಳಿದ. ಯಾವುದು ಎಂದು ನೋಡುವ ಕೆಲಸ ನನಗೆ ಬಂತು, ಮನೆಯಲ್ಲಿ ಬಿಡುವಾಗಿದ್ದವಳು ನಾನೇ.

ಲೈಬ್ರರಿಯಲ್ಲಿ ಓದಿದೆ. ಮನೆಯಲ್ಲಿ ಕೀಚಲು ದನಿಯ ಮೋಡೆಮ್ ಹಚ್ಚಿ, ನದಿ ಕೆರೆಗಳಲ್ಲಿ ಉಂಗುರ ಹುಡುಕುವ ಹವ್ಯಾಸಿಗಳು ಒಬ್ಬರನ್ನೊಬ್ಬರು ಬೈದುಕೊಳ್ಳುವುದನ್ನೂ ಓದಿದೆ. ಓದುತ್ತ ಓದುತ್ತ ಮೈ ಜುಮ್ಮೆಂದಿತು. ಇದು ನನಗೆ ಗೊತ್ತಿದ್ದದ್ದೇ. ತಂತಿ ಸುತ್ತಿದ ಕಾಯಿಲಿನಲ್ಲಿ ವಿದ್ಯುತ್ತು ಬದಲಾಗುತ್ತ ಹರಿದರೆ ಅದರ ಸುತ್ತ ಕಾಂತಕ್ಷೇತ್ರವೂ ಬದಲಾಗುತ್ತದೆ. ಆ ಕ್ಷೇತ್ರಕ್ಕೆ ಲೋಹ ಸಿಕ್ಕರೆ ಅದರ ಮೈಯಲ್ಲಿ ಸಣ್ಣ ಸುಳಿಗಳಂತೆ ಪ್ರವಾಹ ಹುಟ್ಟುತ್ತದೆ. ಆ ಸುಳಿ ತನ್ನದೇ ಒಂದು ಕ್ಷೀಣ ಕ್ಷೇತ್ರವನ್ನು ಹಿಂದಕ್ಕೆ ಕಳಿಸುತ್ತದೆ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿ, ಬರೆದು, ಅಂಕ ತೆಗೆದುಕೊಂಡಿದ್ದೆ. ಇದು ನೀರಿನ ತಳದಲ್ಲಿರುವ ಒಂದು ವಸ್ತುವಿಗೆ ಮನುಷ್ಯರು ಕೇಳುವ ಪ್ರಶ್ನೆ, ಅದು ಕೊಡುವ ಉತ್ತರ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ನನ್ನ ಗಂಡನಿಗೆ ಕಡಲಿನಲ್ಲಿ ಮುಳುಗುವವರು ಬಳಸುವ ಯಂತ್ರವೇ ಬೇಕಿತ್ತು. ಕ್ಷಣಕ್ಕೊಮ್ಮೆ ಮಿಡಿದು, ಮಿಡಿತದ ನಡುವೆ ಕಿವಿಗೊಡುವ ಜಾತಿಯದು, ಎಲ್ಲಕ್ಕಿಂತ ಆಳಕ್ಕೆ ಹೋಗುವಂಥದು.

"ಕಡಲಿಗೇ ಆಗತ್ತೆ ಅಂದ್ಮೇಲೆ ನದಿ ಯಾವ ಲೆಕ್ಕ?"

"ಕಡಲಿನ ಕಷ್ಟ ಬೇರೆ ಕಣೋ. ಉಪ್ಪುನೀರು ತಾನೇ ವಿದ್ಯುತ್ತು ಹರಿಸತ್ತೆ, ಯಂತ್ರ ಕೇಳಿದ್ದಕ್ಕೆಲ್ಲ ನೀರೇ ಉತ್ತರ ಕೊಡತ್ತೆ. ಅದನ್ನ ತಡೆಯೋಕೆ ಅಂಥದ್ದು ಬೇಕು. ಸಿಹಿನೀರು ಸುಮ್ಮನಿರತ್ತೆ. ಮತ್ತೆ ನೀನು ಹೇಳೋದು ಕಬ್ಬಿಣದ ಮೊಳೆಗೂ ಕೂಗತ್ತೆ, ಚಿನ್ನಕ್ಕೂ ಕೂಗತ್ತೆ. ಮೊಳೆ ಅಗೀತಾ ಕೂತ್ಕೋತೀಯಾ?"

ಅತ್ತೆ ಸೊಪ್ಪು ಬಿಡಿಸುತ್ತ ಕೇಳಿಸಿಕೊಳ್ಳುತ್ತಿದ್ದರು. "ಗಂಡನ್ನ ಹೋಗೋ ಬಾರೋ ಅನ್ನೋಳು ಮೊಳೆಗೆಲ್ಲಿ ಮರ್ಯಾದೆ ಕೊಡ್ತಾಳೆ," ಎಂದರು, ಯಾರಿಗೂ ಅಲ್ಲವೆಂಬಂತೆ.

ಶನಿವಾರ ಮೂವರೂ ಅಂಗಡಿಗೆ ಹೋದೆವು. ಮಾಲೀಕ ನಮ್ಮನ್ನು ಮೊದಲು ಕೇಳಿದ್ದು ಯಂತ್ರದ ಬಗ್ಗೆ ಅಲ್ಲ. ಕಳೆದುಹೋದದ್ದು ಹೇಗಿತ್ತು ಎಂದು ಕೇಳಿದ. ಸಣ್ಣ ಕೊಂಡಿಗಳ ಸರವಾದರೆ ಯಂತ್ರ ಅದನ್ನು ಸರವೆಂದು ನೋಡುವುದಿಲ್ಲ, ಒಂದೊಂದೇ ಕೊಂಡಿಯಾಗಿ ನೋಡುತ್ತದೆ, ಕೊಂಡಿ ಅದರ ಕಣ್ಣಿಗೆ ತೀರ ಸಣ್ಣದು. ಬಿಲ್ಲೆಯಂಥದ್ದಾದರೆ ಕಾಣುತ್ತದೆ.

"ಸರ," ಎಂದ ನನ್ನ ಗಂಡ. "ನಡುನಡುವೆ ಹವಳ ಇತ್ತು."

"ಅರಿಶಿನದ ದಾರ," ಎಂದೆ ನಾನು. "ನಾನೇ ಕಟ್ಟಿದ್ದು."

ಮಾಲೀಕ ಅತ್ತೆಯ ಕಡೆ ನೋಡಿದ. ನಾನು ಕನ್ನಡದಲ್ಲಿ ಕೇಳಿದೆ.

"ಒಂದೊಂದ್ಸಲ ದಾರ, ಒಂದೊಂದ್ಸಲ ಸರ," ಎಂದರು ಅತ್ತೆ. "ಮದುವೆ ಆದಾಗ್ಲಿಂದ ಹಾಕ್ಕೊಂಡಿದ್ದೆ. ಕತ್ತಿನ ಕೆಳಗಿರೋದು ಕಣ್ಣಿಗೆ ಎಲ್ಲಿ ಕಾಣತ್ತೆ? ನೋಡೋರು ನೀವು, ನೀವೇ ಹೇಳ್ಬೇಕು."

ನೋಡಿದವರು ನಾವಿಬ್ಬರು, ನಮ್ಮ ನೆನಪು ಎರಡು. ದಾರದ ಒರಟು ನನ್ನ ಬೆರಳಿಗೆ ತಾಗಿದ್ದು ಇಂದಿಗೂ ನೆನಪಿದೆ. ಆದರೆ ಅದು ಆ ದಾರದ ಒರಟೋ, ನನ್ನ ಮದುವೆಯಲ್ಲಿ ನನ್ನ ಕೊರಳಿಗೆ ಬಿದ್ದ ದಾರದ ಒರಟೋ? ಬೊಟ್ಟುಗಳಂತೂ ಎರಡು ಇದ್ದವು, ಅದರಲ್ಲಿ ಭೇದವಿರಲಿಲ್ಲ. ಬೊಟ್ಟನ್ನು ಕೇಳಬಲ್ಲ ಯಂತ್ರ ಕೊಡು ಎಂದೆವು.

ಮಾಲೀಕ ಮರಳು ಮತ್ತು ನೀರು ತುಂಬಿದ ಒಂದು ಪ್ಲಾಸ್ಟಿಕ್ ತೊಟ್ಟಿ ಎಳೆದು ತಂದ. ಅಂಥದೇ ಒಡವೆ ಇದ್ದರೆ ಇದರಲ್ಲಿ ಹಾಕಿ, ಕೇಳಿಸುತ್ತದೋ ನೋಡೋಣ ಎಂದ. ನನ್ನ ಕೈ ಕೊರಳಿಗೆ ಹೋಯಿತು.

"ಬಿಚ್ಬೇಡ," ಎಂದರು ಅತ್ತೆ.

"ಅಮ್ಮ, ಒಂದು ನಿಮಿಷ ಅಷ್ಟೇ," ಎಂದ ನನ್ನ ಗಂಡ.

"ಬಿಚ್ಬೇಡ ಅಂದೆ."

ಹೀಗಾಗಿ ನಾನು ಕೊರಳಲ್ಲಿದ್ದ ಹಾಗೆಯೇ ತೊಟ್ಟಿಯ ಮೇಲೆ ಬಾಗಿ, ಉದ್ದನೆಯ ಸರದ ತುದಿಯಲ್ಲಿದ್ದ ನನ್ನ ಬೊಟ್ಟುಗಳನ್ನು ನೀರಿನೊಳಗೆ ಇಳಿಬಿಟ್ಟೆ. ಬಾವಿಗೆ ಕೊಡ ಬಿಟ್ಟ ಹಾಗಿತ್ತು. ಮಾಲೀಕ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿ, ತಟ್ಟೆಯಂಥ ಕಾಯಿಲನ್ನು ತೊಟ್ಟಿಯ ಹೊರಮೈಗೆ ಒತ್ತಿ ನಿಧಾನವಾಗಿ ಸರಿಸಿದ. ಸರದ ಹತ್ತಿರ ಬಂದಾಗ ಮೌನ. ಇನ್ನೂ ಕೆಳಗೆ ಬಂದ. ಆಗ ಕಿವಿಯಲ್ಲಿ ಒಂದು ಸದ್ದು ಎದ್ದಿತು. ಗಟ್ಟಿಯೇನಲ್ಲ, ದುಂಡಗೆ, ಮೃದುವಾಗಿ, ಎಲ್ಲೋ ಮಲಗಿದ್ದದ್ದು ಎದ್ದು ಕೂತಂತೆ. ಪ್ಲಾಸ್ಟಿಕ್ಕು, ನೀರು, ಮರಳು, ಯಾವುದೂ ಅದಕ್ಕೆ ಅಡ್ಡಿಯಾಗಿರಲಿಲ್ಲ. ಮದುವೆಯಾದಂದಿನಿಂದ ಎದೆಯ ಮೇಲೆ ಹೊತ್ತದ್ದರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಬಾಗಿದವಳು ಬಾಗಿಯೇ ಇದ್ದೆ. ಇನ್ನೊಮ್ಮೆ ಸರಿಸಿ ಎಂದೆ. ಇನ್ನೊಮ್ಮೆ ಸರಿಸಿದ.

ಆಮೇಲೆ ಅವನು ಸೋಡಾ ಡಬ್ಬಿಯ ಎಳೆಯುವ ಕಿವಿಯೊಂದನ್ನು ನೀರಿಗೆ ಹಾಕಿದ. ಅದೇ ಸದ್ದು. ಕಣ್ಣು ಮುಚ್ಚಿಕೊಂಡು ಕೇಳಿದರೆ ಯಾವುದು ತಾಳಿ, ಯಾವುದು ಡಬ್ಬಿಯ ಕಿವಿ ಎಂದು ಹೇಳಲಾಗದು. ಕಸವನ್ನು ಕೇಳದಂತೆ ಮಾಡುವ ಒಂದು ಗುಂಡಿ ಯಂತ್ರದ ಮೇಲಿತ್ತು. ಅದನ್ನು ತಿರುಗಿಸಿದ, ಡಬ್ಬಿಯ ಕಿವಿ ಮೌನವಾಯಿತು. ಕಾಯಿಲನ್ನು ನನ್ನ ಬೊಟ್ಟಿನತ್ತ ತಂದ. ಅದೂ ಮೌನ.

ಅತ್ತೆಗೆ ವಿವರಿಸಿದೆ. ಅವರು "ಹಂಗಾದ್ರೆ ಎಲ್ಲಾ ಕೇಳಿಸ್ಕೋಬೇಕು," ಎಂದರು.

ಅಲ್ಲಿಗೆ ಆಯ್ಕೆ ಮುಗಿಯಿತು. ಕಬ್ಬಿಣವೊಂದನ್ನು ಬಿಟ್ಟು ಮಿಕ್ಕ ಎಲ್ಲಕ್ಕೂ ಉತ್ತರ ಕೊಡುವಂಥದು, ಸಿಹಿನೀರಿಗೆ ಮಾಡಿದ್ದು, ಪೆಟ್ಟಿಗೆಯೂ ಹೆಡ್‌ಫೋನೂ ಮುಳುಗಿದರೂ ಹಾಳಾಗದಂಥದು. ಕಾಯಿಲ್ ಮಾತ್ರ ನೀರಿಗೆ ತಡೆಯುವ ಅಗ್ಗದ್ದೂ ಇತ್ತು. ಆದರೆ ಅತ್ತೆ ಗೌರಿಯನ್ನು ಎಷ್ಟು ಆಳದಲ್ಲಿ ಬಿಟ್ಟರು ಎಂಬುದರಲ್ಲೂ ನಮಗೆ ಒಮ್ಮತವಿರಲಿಲ್ಲ. ಕಾಯಿಲ್ ಚಿಕ್ಕದೇ ಇರಲಿ, ದೊಡ್ಡದನ್ನು ಹರಿವು ಎಳೆದುಕೊಂಡು ಹೋಗುತ್ತದೆ ಎಂದು ನಾನು ಹೇಳಿದೆ. ತಳದ ಜಲ್ಲಿ ಎತ್ತಲು ಉದ್ದ ಹಿಡಿಯ, ತೂತುತೂತಿನ ಒಂದು ಉಕ್ಕಿನ ಮೊಗೆಯನ್ನೂ ಮಾಲೀಕ ಕೊಟ್ಟ. ಅದನ್ನು ನೋಡಿ ಅತ್ತೆ, "ನಿಮ್ಮ ಊರಲ್ಲಿ ಬೋಂಡ ಕರಿಯೋ ಜಾಲರಿ ಇಷ್ಟುದ್ದವೇನೋ?" ಎಂದು ಮಗನನ್ನು ಕೇಳಿದರು. ತಾಳಿ ಕೇಳಿದ ದಿನದಿಂದ ಈಚೆಗೆ ಅವನು ನಕ್ಕದ್ದು ಆಗಲೇ.

ಮುಂದಿನ ವಾರಾಂತ್ಯ ಹೋದೆವು. ದಡದ ಜಾಗ ಒಬ್ಬ ಹೆಂಗಸಿನದು. ಕ್ಯಾಂಪು ಹಾಕುವವರಿಗೆ ಬಿಡುತ್ತಿದ್ದಳು. ತೋಡಿದ ಗುಂಡಿ ಮುಚ್ಚಿ, ಸಿಕ್ಕ ಕಸ ಹೊತ್ತುಕೊಂಡು ಹೋಗುವುದಾದರೆ ಹುಡುಕಿ ಎಂದಳು. ಆಕಾಶದಲ್ಲಿ ಮೋಡ ಆಗಲೇ ಕೂಡುತ್ತಿತ್ತು.

ಗೌರಿಯನ್ನು ಬಿಟ್ಟದ್ದು ದೊಡ್ಡ ಬಂಡೆಯ ಪಕ್ಕ ಎಂದ ನನ್ನ ಗಂಡ. ಬಿದ್ದ ಮರದ ಬೇರಿನ ಹತ್ತಿರ ಎಂದೆ ನಾನು. ಎರಡೂ ಕಡೆ ನೋಡೋಣ ಎಂದು ನಾನು ಹೆಡ್‌ಫೋನ್ ಹಾಕಿ ಇಳಿದೆ, ಅವನು ಮೊಗೆ ಹಿಡಿದು ಹಿಂದೆ ಬಂದ. ಅತ್ತೆ ದಡದಲ್ಲಿ ಚಿತ್ರಾನ್ನದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಕೂತರು.

ಹೆಡ್‌ಫೋನ್ ಹಾಕಿಕೊಂಡರೆ ಮರಗಳ ಗಾಳಿ, ಮಕ್ಕಳ ಕೂಗು, ಎಲ್ಲ ನಿಂತುಹೋಗುತ್ತದೆ. ಉಳಿಯುವುದು ಒಂದು ತೆಳ್ಳನೆಯ ಗುಂಯ್‌ಗುಟ್ಟುವಿಕೆ. ಕಾಯಿಲನ್ನು ತಳದ ಮೇಲೆ ಅತ್ತಿತ್ತ ಆಡಿಸುತ್ತ ಹೋದಂತೆ ಆ ದಾರದಂಥ ಸದ್ದು ಅಲ್ಲಲ್ಲಿ ಗಂಟು ಕಟ್ಟುತ್ತದೆ. ಅಗೆದರೆ ಡಬ್ಬಿಯ ಕಿವಿ. ಅಗೆದರೆ ಗಾಳಕ್ಕೆ ಕಟ್ಟುವ ಸೀಸದ ಗುಂಡು. ಒಂದು ಕೀಲಿಕೈ. ಚಕ್ರವಿಲ್ಲದ ಆಟಿಕೆಯ ಕಾರು. ಎಷ್ಟು ಜನ ಇಲ್ಲಿ ನಿಂತು ಎಷ್ಟು ವರ್ಷ ಏನೇನು ಕೈಬಿಟ್ಟಿದ್ದರು! ಮೇಲಿನಿಂದ ನೋಡಿದರೆ ಕನ್ನಡಿಯಂಥ ನೀರು, ತಿಳಿ, ಖಾಲಿ. ಅದರ ಕೆಳಗೆ ಕಳೆದದ್ದೆಲ್ಲ ಇದ್ದಲ್ಲೇ ಇದ್ದು, ಕೇಳಿದವರಿಗೆ ಓ ಎನ್ನುತ್ತಿತ್ತು. ನನಗೆ ಕಾಲು ಎತ್ತಿಡಲು ಸಂಕೋಚವಾಯಿತು.

ಎಲ್ಲಕ್ಕಿಂತ ಬಲವಾದ ಸದ್ದು ಬಂದದ್ದು ಬೇರಿನ ಹತ್ತಿರ, ನನ್ನ ಎಡಗಾಲಿನ ಪಕ್ಕ. "ಇಲ್ಲೇ," ಎಂದೆ. ಅವನು ಅಗೆದ, ಏನೂ ಇಲ್ಲ. ಒಂದು ಹೆಜ್ಜೆ ಮುಂದೆ ಹೋದೆ, ಅಲ್ಲೂ ಅದೇ ಸದ್ದು, ಅಷ್ಟೇ ಬಲ. ಮತ್ತೆ ಅಗೆದ. ಬಲಗಾಲಿನ ಪಕ್ಕವೂ. ಚಿನ್ನ ಜಲ್ಲಿಯಲ್ಲಿ ಕೆಳಕ್ಕೆ ಇಳಿಯುತ್ತಿದೆ, ಇನ್ನೂ ಆಳ ಹೋಗು ಎಂದು ನಾನು ಓದಿದ್ದನ್ನೆಲ್ಲ ಹೇಳುತ್ತಿದ್ದೆ. ಅವನು ನನ್ನ ಸುತ್ತ ಒಂದು ಕಂದಕವನ್ನೇ ತೋಡಿಬಿಟ್ಟಿದ್ದ. ದಡದಿಂದ ಅತ್ತೆ ಏನೋ ಕೂಗುತ್ತಿದ್ದರು. ನಾನು ಹೆಡ್‌ಫೋನ್ ಸರಿಸಿದೆ.

"ಕಾಲುಂಗುರ ಕಣೇ," ಎನ್ನುತ್ತಿದ್ದರು. "ನಿನ್ ಕಾಲುಂಗುರ ಕೂಗ್ತಿರೋದು. ಎಂ.ಎಸ್ಸಿ. ಮಾಡಿದೀಯ."

ಕಾಲಿಗೆ ರಬ್ಬರಿನ ಬೂಟು ಹಾಕಿದ್ದೆ. ಒಳಗಿನ ಬೆಳ್ಳಿ ನೆನಪಿಗೇ ಬಂದಿರಲಿಲ್ಲ. ಮೈಯ ಭಾಗವೇ ಆದದ್ದನ್ನು ಯಾರು ನೆನೆಯುತ್ತಾರೆ. ನನ್ನ ಗಂಡ ಮೊಗೆಗೆ ಒರಗಿ ನಗಲೂ ಆಗದೆ ಅಳಲೂ ಆಗದೆ ನಿಂತ. ಅರ್ಧ ದಿನ ಹೋಗಿತ್ತು. ಹನಿ ಬೀಳಲು ಶುರುವಾಗಿತ್ತು. "ಬಿಡು, ಸಿಗಲ್ಲ," ಎಂದ. ಅವನ ಮುಖವನ್ನು ಅತ್ತೆ ಸ್ವಲ್ಪ ಹೊತ್ತು ನೋಡಿದರು.

ಆಮೇಲೆ ಎದ್ದು, ಕನ್ನಡಕವನ್ನು ಚಿತ್ರಾನ್ನದ ಡಬ್ಬಿಯ ಮೇಲಿಟ್ಟು, ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿಗೆ ಇಳಿದರು. ನಾವು ತಡಕಾಡುತ್ತ ನಡೆದ ಕಲ್ಲುಗಳ ಮೇಲೆ ಅವರು ಅಂಗಳ ದಾಟಿದ ಹಾಗೆ ನಡೆದು ಬಂದರು. ಬಂಡೆಯ ಹತ್ತಿರ ನಿಲ್ಲಲಿಲ್ಲ, ಬೇರಿನ ಹತ್ತಿರವೂ ಇಲ್ಲ. ಎರಡರಿಂದಲೂ ದೂರ, ನೀರು ತಿರುಗಿ ನಿಧಾನವಾಗುವ ಒಂದು ಜಾಗದಲ್ಲಿ ನಿಂತು, ಎದುರು ದಡದ ಒಂದು ಮರವನ್ನು ನೋಡಿ, ಅರ್ಧ ಹೆಜ್ಜೆ ಸರಿದರು.

"ಇಲ್ಲಿ ನೋಡು."

ಅವರ ಪಾದಗಳು ನೀರಿನಲ್ಲಿ ಬೆಳ್ಳಗೆ ಕಾಣುತ್ತಿದ್ದವು. ಕಾಯಿಲನ್ನು ಅವರ ಬೆರಳುಗಳ ಮೇಲೆಯೇ ಹಾಯಿಸಿದೆ. ಮೌನ. ಬೆಳಗಿನಿಂದ ನನ್ನ ಕಾಲಿನ ಬಳಿ ಕಿರುಚಿಕೊಂಡ ಯಂತ್ರ ಅವರ ಕಾಲಿನ ಮೇಲೆ ಏನೂ ಅನ್ನಲಿಲ್ಲ. ಆ ಮೌನವನ್ನು ನಾನು ಮರೆಯಲಾರೆ. ಪಾದಗಳನ್ನು ದಾಟಿ, ಹಿಮ್ಮಡಿಯ ಹಿಂದೆ, ಅಂಗೈ ಅಗಲದ ಜಾಗದಲ್ಲಿ, ಆ ಸದ್ದು ಎದ್ದಿತು. ದುಂಡಗೆ, ಮೃದುವಾಗಿ. ತೊಟ್ಟಿಯಲ್ಲಿ ಕೇಳಿದ್ದೇ ಅದು ಎಂದು ನಾನು ಪ್ರಮಾಣ ಮಾಡಬಲ್ಲೆ. ಡಬ್ಬಿಯ ಕಿವಿಯ ಸದ್ದೂ ಹಾಗೇ ಇರುತ್ತದೆಂದು ಗೊತ್ತಿದ್ದೂ ಪ್ರಮಾಣ ಮಾಡಬಲ್ಲೆ.

ಮೊಗೆ ಮೇಲೆ ಬಂತು. ನೀರು ತೂತುಗಳಿಂದ ಇಳಿದುಹೋಯಿತು. ಕಲ್ಲು, ಕಲ್ಲು, ಬೂದುಬಣ್ಣದ ಒಂದಿಷ್ಟು ಜೇಡಿ. ಆ ಜೇಡಿಯಲ್ಲಿ ಅರ್ಧ ಹುದುಗಿ, ಸೊಟ್ಟಗೆ, ಒಂದೇ ಒಂದು ಬೊಟ್ಟು. ಮಣ್ಣಿನ ಗೌರಿ ಕರಗಿಹೋಗಿದ್ದಳು, ದಾರವೋ ಸರವೋ ಅದೂ ಹೋಗಿತ್ತು. ಚಿನ್ನದ ಹಳದಿ ಮಾತ್ರ ಬಿಟ್ಟ ಹಾಗೆಯೇ ಇತ್ತು.

ನನ್ನ ಗಂಡ ಅದನ್ನು ಅಂಗೈಯಲ್ಲಿಟ್ಟು ಅಮ್ಮನ ಮುಂದೆ ಹಿಡಿದ. "ಯಾವುದಮ್ಮ ಇದು? ತವರಿಂದೋ...?"

"ಇದೇ ಕಣೋ," ಎಂದರು ಅತ್ತೆ ಕೂಡಲೇ. "ನಿಮ್ಮಪ್ಪನ ಮನೇದು. ಇಟ್ಕೋ."

ಕನ್ನಡಕ ದಡದ ಮೇಲಿತ್ತು. ಕನ್ನಡಕವಿಲ್ಲದೆ ಅವರಿಗೆ ಅಕ್ಕಿಯಲ್ಲಿ ಕಲ್ಲು ಕಾಣುತ್ತಿರಲಿಲ್ಲ. ಅವನು ಮುಷ್ಟಿ ಮುಚ್ಚಿದ, ನೀರಿನಲ್ಲಿ ನಿಂತೇ ಅತ್ತ. ವರ್ಷದ ಹಿಂದೆ ಫೋನ್ ಕೆಳಗಿಟ್ಟಾಗ ಅತ್ತಿರಲಿಲ್ಲ. ಅತ್ತೆ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತರು, ಮಳೆ ಬಲವಾಯಿತು.

ನಾನು ಇನ್ನೊಂದಕ್ಕಾಗಿ ಕಾಯಿಲ್ ಆಡಿಸಲು ಹೋದೆ.

"ಸಾಕಮ್ಮ," ಎಂದರು ಅತ್ತೆ. "ಇನ್ನೊಂದು ಅವಳಿಗಿರಲಿ."

ವಾಪಸು ಬರುವಾಗ ನನ್ನ ಗಂಡ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಮತ್ತೊಂದರ ಮುಷ್ಟಿ ಬಿಚ್ಚದೆ ಕಾರು ಓಡಿಸಿದ. ಅತ್ತೆಯ ಜೊತೆ ಹಿಂದೆ ಕೂತಿದ್ದೆ ನಾನು. ಗೌರಿಯನ್ನು ಬಿಟ್ಟ ಜಾಗವನ್ನು ಅಷ್ಟು ಸರಿಯಾಗಿ ಗುರುತಿಟ್ಟುಕೊಂಡವರು, ಬೆಳಗಿನಿಂದ ದಡದಲ್ಲಿ ಸುಮ್ಮನೆ ಏಕೆ ಕೂತಿದ್ದರು ಎಂದು ನಾನು ಯೋಚಿಸುತ್ತಿದ್ದೆ. ಬ್ರಿಜ್ಜಿನ ಮೇಲೆ ಮಂಜು ಕವಿದಿತ್ತು. ಅವನಿಗೆ ಕೇಳಿಸದ ಹಾಗೆ ಅವರ ಕಿವಿಯ ಹತ್ತಿರ ಬಾಗಿ ಕೇಳಿದೆ. ಅವರು ಕಿಟಕಿಯ ಕಡೆ ತಿರುಗಿ, ಚಿತ್ರಾನ್ನ ಯಾರೂ ತಿನ್ನಲೇ ಇಲ್ಲವಲ್ಲ ಎಂದರು. ಆಮೇಲೆ ಊರಿಗೆ ಹೋದರು. ಫೋನಿನಲ್ಲಿ ಎಲ್ಲ ಮಾತನಾಡುತ್ತಾರೆ, ಇದೊಂದನ್ನು ಬಿಟ್ಟು. ಹಲವು ಸಲ ಕೇಳಿದ್ದೇನೆ, ಪ್ರತಿ ಸಲವೂ ಅವೇ ಮಾತುಗಳಲ್ಲಿ:

"ಅತ್ತೆ, ಅವತ್ತು ನೀವು ಅದನ್ನ ಮರೆತಿದ್ರೋ, ಕೊಟ್ಟಿದ್ರೋ?"